ನೋವು ನಿಂತ ಮೇಲೆ ಉಳಿಯುವ ಅರ್ಧ ಕೆಲಸ

(ನಾಗಣಸೂರಿನಲ್ಲಿ ದುಡಿಯುವ ಕುಟುಂಬಗಳ ಕೂಟದಲ್ಲಿ ಮಾಡಿದ ಭಾಷಣದ ಬರಹರೂಪ. ತೋಟದ ಲೈನುಗಳಲ್ಲಿ ಓದುವ ಬಂಧುಗಳಿಗಾಗಿ ಕೆಲವು ಮಾತು ಸೇರಿಸಿದೆ.)



ನಾವು ಕೂಡಿ ಕುಳಿತಾಗಲೆಲ್ಲ ಪಗಾರದ ಮಾತು, ರಜೆಯ ಮಾತು, ಮಕ್ಕಳ ಶಾಲೆಯ ಮಾತು ನಡೆಯುತ್ತದೆ. ಈ ದಿನ ಹಲ್ಲಿನ ಮಾತು. ಹಲ್ಲು ಸಣ್ಣ ಸಂಗತಿಯೆಂದು ಯಾರೂ ನಗಬಾರದು. ಹಲ್ಲುನೋವಿನಿಂದ ರಾತ್ರಿಯೆಲ್ಲ ಎದ್ದು ಕುಳಿತವರಿಗೆ ಮರುದಿನದ ಕೂಲಿ ಹೋಗುತ್ತದೆ. ದವಡೆ ಹಲ್ಲು ಕಳಕೊಂಡವರಿಗೆ ಜೋಳದ ರೊಟ್ಟಿ ಅಗಿಯುವುದೇ ಕಷ್ಟವಾಗುತ್ತದೆ. ಹೊಟ್ಟೆಗೆ ಹೋಗುವ ಪ್ರತಿಯೊಂದು ತುತ್ತೂ ಹಲ್ಲಿನ ಬಾಗಿಲು ದಾಟಿಯೇ ಹೋಗಬೇಕಷ್ಟೆ.

ನಮ್ಮ ಮುಂದಿರುವ ಪ್ರಶ್ನೆ ಒಂದೇ. ಹುಳುಕು ಹಲ್ಲಿಗೆ ರೂಟ್ ಕೆನಾಲ್ ಮಾಡಿಸಿದ್ದಾಯಿತು, ಕೂಡಿಟ್ಟ ರೊಕ್ಕ ಖರ್ಚಾಯಿತು, ನೋವೂ ನಿಂತಿತು. ಆಗ ಡಾಕ್ಟರರು, "ಇನ್ನು ಇದಕ್ಕೆ ಕ್ಯಾಪ್ ಹಾಕಿಸಬೇಕು" ಎನ್ನುತ್ತಾರೆ. ಕ್ಯಾಪಿಗೆ ಮತ್ತೆ ರೊಕ್ಕ. ಆಗ ನಮ್ಮ ಮನೆಗಳಲ್ಲಿ ಹೊರಡುವ ಮಾತು ನಿಮಗೆ ಗೊತ್ತೇ ಇದೆ: "ನೋವು ನಿಂತ್ರ ಆತಲ್ಲ, ಇನ್ನ ಕ್ಯಾಪ್ ಯಾಕ?" ಡಾಕ್ಟರರು ರೊಕ್ಕ ಮಾಡಲು ಹೇಳುತ್ತಾರೆಂದು ಕೆಲವರು, ಅದು ಚೆಂದಕ್ಕೆ ಹಾಕುವುದು, ನಮಗೇಕೆ ಎಂದು ಕೆಲವರು. ಹೀಗೆ ಅರ್ಧಕ್ಕೆ ಬಿಟ್ಟ ಹಲ್ಲು ಕೆಲವು ವರ್ಷಗಳಲ್ಲಿ ರೊಟ್ಟಿ ಮುರಿಯುವಾಗಲೇ ಸೀಳಿಹೋಗಬಹುದು. ಮೊದಲು ಕೊಟ್ಟ ರೊಕ್ಕವೂ ಹೋಗುತ್ತದೆ, ಹಲ್ಲೂ ಹೋಗುತ್ತದೆ.

ಉತ್ತರವನ್ನು ಮೊದಲೇ ಹೇಳಿಬಿಡುತ್ತೇವೆ. ದವಡೆಯ ಹಲ್ಲಿಗೆ ರೂಟ್ ಕೆನಾಲ್ ಆದ ಮೇಲೆ ಹಾಕುವ ಕ್ಯಾಪ್ ಸಾಮಾನ್ಯವಾಗಿ ಅಲಂಕಾರಕ್ಕಲ್ಲ. ಅದು ಚಿಕಿತ್ಸೆಯ ಎರಡನೆಯ ಅರ್ಧ. ಏಕೆಂಬುದನ್ನು ಹಂತ ಹಂತವಾಗಿ ತಿಳಿಯೋಣ. ನಾವು ಡಾಕ್ಟರರಲ್ಲ. ನಿಮ್ಮ ಹಲ್ಲಿಗೆ ಏನು ಬೇಕೆಂದು ಅದನ್ನು ನೋಡಿ, ಎಕ್ಸ್‌ರೇ ತೆಗೆದು ಹೇಳಬೇಕಾದವರು ದಂತವೈದ್ಯರೇ. ಅವರ ಮುಂದೆ ಕುಳಿತಾಗ ಏನು ಕೇಳಬೇಕೆಂಬುದು ನಮಗೆ ತಿಳಿದಿರಲೆಂದೇ ಈ ಮಾತು.

ಹಲ್ಲನ್ನು ಒಂದು ಮನೆಯೆಂದು ತಿಳಿಯಿರಿ. ಹೊರಗೆ ಕಾಣುವ ಬಿಳಿಯ ಗಟ್ಟಿ ಪದರು ದಂತಕವಚ. ನಮ್ಮ ಶರೀರದಲ್ಲಿ ಇದಕ್ಕಿಂತ ಗಟ್ಟಿಯಾದ ವಸ್ತು ಬೇರೆ ಇಲ್ಲ. ಅದರ ಒಳಗೆ ತುಸು ಹಳದಿ ಬಣ್ಣದ ದಂತದ್ರವ್ಯವೆಂಬ ಗೋಡೆ. ಗೋಡೆಯ ಒಳಗೆ ಒಂದು ಸಣ್ಣ ಕೋಣೆ. ಅದರಲ್ಲಿ ರಕ್ತನಾಳ, ನರಗಳು ಕೂಡಿದ ಮೆತ್ತನೆಯ ತಿರುಳು. ಈ ತಿರುಳು ಬೇರುಗಳೊಳಗಿನ ಸಣ್ಣ ಕಾಲುವೆಗಳ ಮೂಲಕ ಕೆಳಗೆ ಇಳಿದು ಎಲುಬನ್ನು ಸೇರುತ್ತದೆ. ಮುಂದಿನ ಹಲ್ಲಿಗೆ ಸಾಮಾನ್ಯವಾಗಿ ಒಂದು ಬೇರು. ಕೆಳಗಿನ ದೊಡ್ಡ ದವಡೆ ಹಲ್ಲಿಗೆ ಎರಡು, ಮೇಲಿನದಕ್ಕೆ ಮೂರು.

ನಾವು ತಿಂದದ್ದರಲ್ಲಿ ಸಿಹಿ ಮತ್ತು ಹಿಟ್ಟಿನ ಅಂಶ ಹಲ್ಲಿಗೆ ಅಂಟಿ ಉಳಿದರೆ ಬಾಯಿಯಲ್ಲಿನ ಸೂಕ್ಷ್ಮ ಜೀವಿಗಳು ಅದನ್ನು ತಿಂದು ಹುಳಿ ಮಾಡುತ್ತವೆ. ಆ ಹುಳಿ ದಂತಕವಚವನ್ನು ಕರಗಿಸುತ್ತದೆ. ಇದೇ ಹುಳುಕು. ಕವಚದಲ್ಲಿರುವಾಗ ನೋವಿಲ್ಲ. ಗೋಡೆಗೆ ಇಳಿದಾಗ ತಣ್ಣೀರಿಗೆ, ಬೆಲ್ಲಕ್ಕೆ ಜುಮ್ಮೆನ್ನುತ್ತದೆ. ಆಗಲೇ ಹೋದರೆ ಹುಳುಕು ಕೆರೆದು ಸಿಮೆಂಟು ತುಂಬಿ ಒಂದೇ ಸಲಕ್ಕೆ ಮುಗಿಯುತ್ತದೆ. ಆದರೆ ನಾವು ಲವಂಗ ಇಡುತ್ತೇವೆ, ಅಂಗಡಿಯಿಂದ ಗುಳಿಗೆ ತರಿಸುತ್ತೇವೆ, ಮಿಶ್ರಿ ತಿಕ್ಕುತ್ತೇವೆ, ಕಬ್ಬಿನ ಸೀಜನ್ ಮುಗಿಯಲಿ ಎನ್ನುತ್ತೇವೆ. ಅಷ್ಟರಲ್ಲಿ ಹುಳುಕು ತಿರುಳಿಗೆ ಮುಟ್ಟಿ, ತಿರುಳು ಬಾತು, ಕೊಳೆತು, ಬೇರಿನ ತುದಿಯಲ್ಲಿ ಕೀವು ಕಟ್ಟುತ್ತದೆ. ರಾತ್ರಿ ಮಲಗಿದಾಗ ಹಲ್ಲು ಟಪಟಪ ಬಡಿಯುವುದು ಈ ಹಂತದಲ್ಲಿ.

ಇಲ್ಲಿಗೆ ಮುಟ್ಟಿದ ಹಲ್ಲಿಗೆ ಎರಡೇ ದಾರಿ: ಕೀಳಿಸುವುದು, ಇಲ್ಲವೆ ರೂಟ್ ಕೆನಾಲ್. ರೂಟ್ ಕೆನಾಲ್ ಎಂದರೆ ಬೇರಿನ ಕಾಲುವೆಯ ಚಿಕಿತ್ಸೆ. ಹಲ್ಲಿನ ನೆತ್ತಿಯಲ್ಲಿ ತೂತು ಮಾಡಿ, ಕೆಟ್ಟ ತಿರುಳನ್ನು ತೆಗೆದು, ಸೂಜಿಯಂತಹ ಸಣ್ಣ ಅರಗಳಿಂದ ಕಾಲುವೆಗಳನ್ನು ಉಜ್ಜಿ, ಔಷಧದಿಂದ ತೊಳೆದು, ಕೊನೆಗೆ ಅವುಗಳನ್ನು ಬಿಗಿಯಾಗಿ ಮುಚ್ಚುತ್ತಾರೆ. ಮುಚ್ಚುವ ವಸ್ತುವಿನ ಹೆಸರು ಗಟಾಪರ್ಚಾ. ಸುಳ್ಯದ ಕಡೆ ರಬ್ಬರು ಮರದ ಹಾಲು ಇಳಿಸುವ ಬಂಧುಗಳಿಗೆ ಇದು ದೂರದ ನೆಂಟ. ಮಲಯ ದೇಶದ ಕಾಡಿನ ಒಂದು ಜಾತಿಯ ಮರದ ಹಾಲಿನಿಂದ ಇದು ಬರುತ್ತದೆ. 1851ರಲ್ಲಿ ಇಂಗ್ಲೆಂಡು ಮತ್ತು ಫ್ರಾನ್ಸುಗಳ ನಡುವೆ ಸಮುದ್ರದಡಿ ಹಾಕಿದ ತಂತಿಗೆ ಹೊದಿಸಿದ್ದೂ ಇದನ್ನೇ. ನೀರು ಒಳಗೆ ಬರಗೊಡದ ವಸ್ತುವಾದುದರಿಂದ ಹಲ್ಲಿನ ಬೇರಿಗೂ ಒದಗಿತು.

ಇಷ್ಟಾದರೆ ನೋವು ನಿಲ್ಲುತ್ತದೆ. ನಮ್ಮ ಜನ ಮೋಸಹೋಗುವುದು ಇಲ್ಲಿಯೇ. ನೋವು ನಿಂತದ್ದು ಬೇರು ಶುದ್ಧವಾಯಿತೆಂಬ ಗುರುತು. ಹಲ್ಲು ಮತ್ತೆ ಗಟ್ಟಿಯಾಯಿತೆಂಬ ಗುರುತಲ್ಲ. ಅಡಿಪಾಯ ದುರಸ್ತಿಯಾಗಿದೆ, ಗೋಡೆ ಇನ್ನೂ ಬಿರುಕು ಬಿಟ್ಟೇ ಇದೆ. ಇನ್ನೊಂದು ಸಂಗತಿಯನ್ನೂ ಗಮನಿಸಬೇಕು. ಒಳಗಿನ ನರವನ್ನು ತೆಗೆದುಹಾಕಿದ್ದರಿಂದ ಆ ಹಲ್ಲಿಗೆ ತಣ್ಣೀರಿನ ಜುಮ್ಮು ಗೊತ್ತಾಗುವುದಿಲ್ಲ, ಹೊಸದಾಗಿ ಹುಳುಕು ಹತ್ತಿದರೂ ಅದು ಮೊದಲಿನಂತೆ ನಮ್ಮನ್ನು ಎಬ್ಬಿಸುವುದಿಲ್ಲ. ಮನೆಯ ಕಾವಲು ನಾಯಿ ಹೋದ ಮೇಲೆ ಬಾಗಿಲು ಹೆಚ್ಚು ಭದ್ರವಾಗಿರಬೇಕಲ್ಲವೆ?

ಹಾಗಾದರೆ ರೂಟ್ ಕೆನಾಲ್ ಆದ ಹಲ್ಲು ಏಕೆ ಮುರಿಯುತ್ತದೆ? ನರ ಹೋದ ಹಲ್ಲು ನೀರಿಲ್ಲದೆ ಒಣಗಿ ಕಟ್ಟಿಗೆಯ ಹಾಗೆ ಪೆಡಸಾಗುತ್ತದೆಂದು ಬಹಳ ಕಾಲದಿಂದ ಹೇಳುತ್ತ ಬಂದಿದ್ದಾರೆ. ಈಗಲೂ ಹಲವರು ಹಾಗೆಯೇ ಹೇಳುತ್ತಾರೆ. ಆದರೆ ಪರೀಕ್ಷೆ ಮಾಡಿ ನೋಡಿದವರ ಲೆಕ್ಕ ಬೇರೆ. 1992ರಲ್ಲಿ ಸೆಜ್ಲಿ ಮತ್ತು ಮೆಸ್ಸರ್ ಎಂಬ ಇಬ್ಬರು ಸಂಶೋಧಕರು ರೂಟ್ ಕೆನಾಲ್ ಆದ ಹಲ್ಲನ್ನೂ ಅದೇ ಬಾಯಿಯ ಆಚೆ ಬದಿಯ ಜೀವಂತ ಹಲ್ಲನ್ನೂ ಜೊತೆಜೊತೆಯಾಗಿಟ್ಟು ಪರೀಕ್ಷಿಸಿದರು. ಎರಡರ ಗಟ್ಟಿತನದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಇದಕ್ಕೆ ಮೂರು ವರ್ಷ ಮೊದಲು, 1989ರಲ್ಲಿ, ರೀ, ಮೆಸ್ಸರ್, ಡಗ್ಲಸ್ ಎಂಬವರು ಸಣ್ಣ ದವಡೆ ಹಲ್ಲುಗಳ ಮೇಲೆ ಭಾರ ಹೇರಿ ಅಳೆದಿದ್ದರು. ರೂಟ್ ಕೆನಾಲಿಗೆಂದು ನೆತ್ತಿಯಲ್ಲಿ ತೂತು ಕೊರೆದದ್ದರಿಂದ ಕಡಿಮೆಯಾದ ಬಿಗಿ ನೂರಕ್ಕೆ 5 ಮಾತ್ರ. ಆದರೆ ಮುಂದೆ ಮತ್ತು ಹಿಂದೆ ಎರಡೂ ಬದಿಯ ಗೋಡೆ ಕೊರೆದು ಹೋದಾಗ ಕಡಿಮೆಯಾದದ್ದು ನೂರಕ್ಕೆ 63.

ಇದರ ಅರ್ಥವೇನು? ಹಲ್ಲನ್ನು ದುರ್ಬಲ ಮಾಡುವುದು ರೂಟ್ ಕೆನಾಲ್ ಅಲ್ಲ. ಅದಕ್ಕೂ ಮೊದಲೇ ಹುಳುಕು ತಿಂದುಹಾಕಿದ ಗೋಡೆ. ನಮ್ಮ ಹಲ್ಲು ಡಾಕ್ಟರರ ಕುರ್ಚಿಗೆ ಮುಟ್ಟುವ ಹೊತ್ತಿಗೆ ಅರ್ಧ ಹಲ್ಲು ಹೋಗಿರುತ್ತದೆ. ಉಳಿದ ತೆಳು ಗೋಡೆಗಳ ನಡುವೆ ಸಿಮೆಂಟು ತುಂಬಿರುತ್ತಾರೆ. ಆದುದರಿಂದ ತಡ ಮಾಡಿ ಹೋದ ಹಲ್ಲಿಗೇ ಕ್ಯಾಪಿನ ಅಗತ್ಯ ಹೆಚ್ಚು.

ಈಗ ಆ ಹಲ್ಲಿನ ಮೇಲೆ ಬೀಳುವ ಭಾರ ನೋಡಿರಿ. ಗಟ್ಟಿಮುಟ್ಟಾದ ಮನುಷ್ಯ ಪೂರ್ತಿ ಬಲ ಹಾಕಿ ಕಚ್ಚಿದರೆ ದೊಡ್ಡ ದವಡೆ ಹಲ್ಲಿನ ಮೇಲೆ 50 ಕಿಲೋಗೂ ಮಿಕ್ಕಿದ ಭಾರ ಬೀಳಬಲ್ಲದು. ನಮ್ಮ ಸೊಲ್ಲಾಪುರ, ಅಕ್ಕಲಕೋಟ ಕಡೆಯ ಊಟವೂ ಹಾಗೆಯೇ: ತಿಂಗಳುಗಟ್ಟಲೆ ಇಡುವ ಕಡಕ ರೊಟ್ಟಿ, ಹುರಿದ ಶೇಂಗಾ, ಹುರಿಗಡಲೆ, ಹಲ್ಲಿನಿಂದಲೇ ಸಿಪ್ಪೆ ಸುಲಿಯುವ ಕಬ್ಬು. ತೋಟದ ಕಡೆಯವರಿಗೆ ಎಲೆಯ ಜೊತೆಗಿನ ಗಟ್ಟಿ ಅಡಿಕೆ. ದವಡೆ ಹಲ್ಲಿನ ನೆತ್ತಿ ಬೋಳಾಗಿಲ್ಲ. ಮೇಲೆ ಗುಡ್ಡಗಳಿವೆ, ನಡುವೆ ತಗ್ಗು ಇದೆ. ಮೇಲಿನ ಹಲ್ಲಿನ ಗುಡ್ಡ ಕೆಳಗಿನ ಹಲ್ಲಿನ ತಗ್ಗಿನಲ್ಲಿ ಕೂರುತ್ತದೆ. ಮರದ ಬೊಡ್ಡೆ ಸೀಳುವವರು ಬೆಣೆ ಇಟ್ಟು ಮೇಲಿನಿಂದ ಬಡಿಯುವಾಗ ಏನಾಗುತ್ತದೆಯೋ, ಗೋಡೆ ತೆಳುವಾದ ಹಲ್ಲಿನಲ್ಲಿ ಪ್ರತಿಯೊಂದು ತುತ್ತಿಗೂ ಅದೇ ಆಗುತ್ತದೆ. ಗೋಡೆಗಳು ಕೂದಲೆಳೆಯಷ್ಟು ಅತ್ತಿತ್ತ ಅಗಲುತ್ತವೆ. ದಿನಕ್ಕೆ ನೂರಾರು ಸಲ, ವರ್ಷವಿಡೀ. ಒಂದು ದಿನ ಬಿರುಕು ಬೇರಿನವರೆಗೂ ಇಳಿಯುತ್ತದೆ.

ಇದಕ್ಕೆ ಉಪಾಯವನ್ನು ನಮ್ಮ ಹಿರಿಯರು ಹಲ್ಲಿನಲ್ಲಿ ಅಲ್ಲದಿದ್ದರೂ ಒನಕೆಯಲ್ಲಿ ಕಂಡಿದ್ದರು. ಕುಟ್ಟುವ ಒನಕೆಯ ತುದಿ ಸೀಳಬಾರದೆಂದು ಸುತ್ತ ಒಂದು ಕಬ್ಬಿಣದ ಬಳೆ ಬಡಿಯುತ್ತಿದ್ದರು. ಅದಕ್ಕೆ ಅಣಸು ಎಂದು ಹೆಸರು. ಬಂಡಿಯ ಮರದ ಗಾಲಿಗೆ ಕಾಯಿಸಿದ ಕಬ್ಬಿಣದ ಪಟ್ಟಾ ಏರಿಸುವುದೂ ಇದಕ್ಕಾಗಿಯೇ. ಮರ ಸೀಳಬೇಕೆಂದರೆ ಹೊರಕ್ಕೆ ಅಗಲಬೇಕು, ಬಳೆ ಅಗಲಗೊಡುವುದಿಲ್ಲ. ಕ್ಯಾಪ್ ಮಾಡುವ ಕೆಲಸ ಇದೇ. ಅದು ಹಲ್ಲಿನ ನೆತ್ತಿಯನ್ನು ಮುಚ್ಚಿ, ಸುತ್ತಲೂ ಇಳಿದು, ಉಳಿದ ಗೋಡೆಗಳನ್ನು ಒಟ್ಟಿಗೆ ಹಿಡಿದುಕೊಳ್ಳುತ್ತದೆ. ಒಳಗೆ ತುಂಬಿದ ಸಿಮೆಂಟಿಗೆ ಈ ಶಕ್ತಿ ಇಲ್ಲ. ಅದು ಗುಂಡಿ ತುಂಬುತ್ತದೆ, ಗೋಡೆ ಹಿಡಿಯುವುದಿಲ್ಲ.

ಅಣಸು ಕೂರಬೇಕಾದರೆ ಕಚ್ಚಿಕೊಳ್ಳಲು ಗಟ್ಟಿ ಮರ ಬೇಕು. ಹಾಗೆಯೇ ಕ್ಯಾಪ್ ನಿಲ್ಲಬೇಕಾದರೆ ಒಸಡಿನ ಮೇಲೆ ಸುತ್ತಲೂ ಸುಮಾರು 2 ಮಿಲಿಮೀಟರಿನಷ್ಟು, ಅಂದರೆ ಜೋಳದ ಕಾಳಿನ ಅರ್ಧದಷ್ಟಾದರೂ, ಗಟ್ಟಿ ಹಲ್ಲು ಇದ್ದರೆ ಒಳ್ಳೆಯದೆಂದು ದಂತವೈದ್ಯರು ಹೇಳುತ್ತಾರೆ. ರೂಟ್ ಕೆನಾಲ್ ಮಾಡಿಸಿ ಕ್ಯಾಪ್ ಮುಂದೂಡುತ್ತ ಹೋದರೆ ನಾವು ಕಳಕೊಳ್ಳುವುದು ಈ ಅರ್ಧ ಕಾಳಿನಷ್ಟು ಹಲ್ಲನ್ನೇ. ಅದು ಮುರಿದುಹೋದ ಮೇಲೆ ಕ್ಯಾಪಿಗೆ ಹಿಡಿತವಿಲ್ಲ.

ಬರೀ ಹೋಲಿಕೆ ಹೇಳಿ ನಂಬಿಸುವುದು ಬೇಡ. ಲೆಕ್ಕವನ್ನೂ ನೋಡೋಣ. 1984ರಲ್ಲಿ ಸೊರೆನ್‌ಸೆನ್ ಮತ್ತು ಮಾರ್ಟಿನಾಫ್ ಎಂಬವರು ರೂಟ್ ಕೆನಾಲ್ ಆದ 1,273 ಹಲ್ಲುಗಳ ದಾಖಲೆ ಪರಿಶೀಲಿಸಿದರು. ಹಿಂದಿನ ಹಲ್ಲುಗಳಿಗೆ ನೆತ್ತಿ ಮುಚ್ಚುವ ಹೊದಿಕೆಯಿಂದ ಸ್ಪಷ್ಟ ಪ್ರಯೋಜನ ಕಂಡಿತು. ಮುಂದಿನ ಹಲ್ಲುಗಳಿಗೆ ಅಂಥ ಪ್ರಯೋಜನ ಕಾಣಲಿಲ್ಲ. 2002ರಲ್ಲಿ ಅಮೇರಿಕದ ಅಕ್ವಿಲಿನೋ ಮತ್ತು ಕ್ಯಾಪ್ಲನ್ ಪ್ರಕಟಿಸಿದ ಲೆಕ್ಕದಲ್ಲಿ, ಕ್ಯಾಪ್ ಇಲ್ಲದ ಹಲ್ಲುಗಳು ಕ್ಯಾಪ್ ಇದ್ದವುಗಳಿಗಿಂತ 6 ಪಟ್ಟು ಹೆಚ್ಚಿನ ಪ್ರಮಾಣದಲ್ಲಿ ಹೋಗಿದ್ದವು. 2005ರಲ್ಲಿ ಥಾಯ್ಲೆಂಡಿನಿಂದ ಬಂದ ಲೆಕ್ಕ ನಮ್ಮಂಥವರಿಗೆ ಇನ್ನೂ ಹತ್ತಿರದ್ದು. ಅಲ್ಲಿ ನೋಡಿದ್ದು ರೂಟ್ ಕೆನಾಲ್ ಆಗಿ ಕ್ಯಾಪ್ ಇಲ್ಲದೆಯೇ ಬಿಟ್ಟ ದವಡೆ ಹಲ್ಲುಗಳನ್ನು. ಒಂದು ವರ್ಷದ ಮೇಲೆ ನೂರಕ್ಕೆ 96 ಚೆನ್ನಾಗಿದ್ದವು. ಎರಡು ವರ್ಷಕ್ಕೆ 88. ಐದು ವರ್ಷಕ್ಕೆ ಉಳಿದದ್ದು 36.

ಈ ಮೂರು ಅಂಕೆಗಳನ್ನು ನೆನಪಿಡಿರಿ. ಮೊದಲ ವರ್ಷ ಏನೂ ಆಗುವುದಿಲ್ಲ. ಎರಡನೆಯ ವರ್ಷವೂ ಬಹುಪಾಲು ಏನೂ ಆಗುವುದಿಲ್ಲ. "ನೋಡ್ರಿ, ಕ್ಯಾಪ್ ಇಲ್ದನ ಛಲೋ ಅದ" ಎಂದು ನೆರೆಯವರಿಗೂ ಬುದ್ಧಿ ಹೇಳುತ್ತೇವೆ. ಹಲ್ಲು ಸೋಲುವುದು ಆ ಮೇಲೆ. ಆದರೆ ಅದೇ ಲೆಕ್ಕದಲ್ಲಿ ಇನ್ನೊಂದು ಮಾತೂ ಇದೆ: ಗೋಡೆಗಳು ಹೆಚ್ಚುಕಡಿಮೆ ಪೂರ್ತಿ ಉಳಿದಿದ್ದ ಹಲ್ಲುಗಳಲ್ಲಿ ಐದು ವರ್ಷದ ಮೇಲೂ ನೂರಕ್ಕೆ 78 ನಿಂತಿದ್ದವು. ಅಂದರೆ ಮುಖ್ಯವಾದದ್ದು ಎಷ್ಟು ಹಲ್ಲು ಉಳಿದಿದೆ ಎಂಬುದೇ.

ಆದುದರಿಂದ ಎಲ್ಲ ಹಲ್ಲಿಗೂ ಕ್ಯಾಪ್ ಬೇಕೆಂದು ನಾವು ಹೇಳುವುದಿಲ್ಲ. ಮುಂದಿನ ಹಲ್ಲು ಕತ್ತರಿಸುತ್ತದೆ, ಅರೆಯುವುದಿಲ್ಲ. ಅದರ ಮೇಲೆ ಭಾರ ಕಡಿಮೆ. ಹೆಚ್ಚು ಹಾಳಾಗದಿದ್ದರೆ ಒಳ್ಳೆಯ ಫಿಲ್ಲಿಂಗೇ ಸಾಕಾಗಬಹುದು. ದವಡೆ ಹಲ್ಲಿನಲ್ಲಿಯೂ ನಾಲ್ಕೂ ಗೋಡೆ ದಪ್ಪಗಿದ್ದರೆ ಡಾಕ್ಟರರು ಬೇರೆ ರೀತಿ ಯೋಚಿಸಬಹುದು. "ಇದರಲ್ಲಿ ಎಷ್ಟು ಗೋಡೆ ಉಳಿದಿದೆ? ಕ್ಯಾಪ್ ಇಲ್ಲದೆ ನಡೆದೀತೆ?" ಎಂದು ಕೇಳುವುದು ನಮ್ಮ ಹಕ್ಕು. ಒಳ್ಳೆಯ ಡಾಕ್ಟರರು ಕನ್ನಡಿ ಹಿಡಿದು ತೋರಿಸುತ್ತಾರೆ.

ಮುರಿಯುವುದೊಂದೇ ಅಪಾಯವಲ್ಲ. ರೂಟ್ ಕೆನಾಲ್ ಮುಗಿದ ದಿನ ಬಹಳ ಸಲ ತಾತ್ಕಾಲಿಕ ಸಿಮೆಂಟು ಇಟ್ಟು ಕಳಿಸುತ್ತಾರೆ. ಅದು ಕೆಲವೇ ವಾರಗಳ ಮಾತು. ಆ ಸಿಮೆಂಟು ಸವೆದರೆ, ಉದುರಿದರೆ, ಜೊಲ್ಲಿನೊಡನೆ ರೋಗಾಣುಗಳು ಮತ್ತೆ ಬೇರಿನೊಳಗೆ ಇಳಿಯುತ್ತವೆ. ಮಾಳಿಗೆ ಮನೆಯ ಗೋಡೆಗೆ ಗಿಲಾವು ಮಾಡಿಸಿ ಮೇಲ್ಮುದ್ದೆ ಹಾಕದೆ ಬಿಟ್ಟಂತೆ. 1995ರಲ್ಲಿ ರೇ ಮತ್ತು ಟ್ರೋಪ್ ಎಂಬವರು ಎಕ್ಸ್‌ರೇಗಳನ್ನು ಹೋಲಿಸಿ, ಬೇರಿನ ತುದಿ ಆರೋಗ್ಯವಾಗಿರಲು ಒಳಗಿನ ಕೆಲಸದಷ್ಟೇ, ಇಲ್ಲವೆ ಅದಕ್ಕೂ ಹೆಚ್ಚಾಗಿ, ಮೇಲಿನ ಮುಚ್ಚಳ ಚೆನ್ನಾಗಿರುವುದು ಮುಖ್ಯವೆಂದು ತೋರಿಸಿದರು. ಆದುದರಿಂದ ಕ್ಯಾಪ್ ತಡವಾಗುವುದಾದರೂ ಪಕ್ಕಾ ಫಿಲ್ಲಿಂಗನ್ನು ತಡ ಮಾಡಬಾರದು.

ಕ್ಯಾಪ್ ಹಾಕುವ ಕ್ರಮ ಕಷ್ಟದ್ದಲ್ಲ. ಹಲ್ಲನ್ನು ಸುತ್ತಲೂ ತುಸು ತೆಳುವಾಗಿ ತಿಕ್ಕಿ ಜಾಗ ಮಾಡುತ್ತಾರೆ, ಅಚ್ಚು ತೆಗೆಯುತ್ತಾರೆ, ಕ್ಯಾಪ್ ಲ್ಯಾಬಿನಲ್ಲಿ ತಯಾರಾಗಿ ಬರುತ್ತದೆ, ಮುಂದಿನ ಸಲ ಅದನ್ನು ಸಿಮೆಂಟಿನಿಂದ ಕೂಡಿಸುತ್ತಾರೆ. ಸಾಮಾನ್ಯವಾಗಿ ಎರಡು ಸಲ ಹೋಗಬೇಕು. ಕೂಡಿಸಿದಾಗ ಎತ್ತರ ಸರಿಯಿದೆಯೇ ಎಂದು ಕಚ್ಚಿ ನೋಡಿ ಹೇಳಬೇಕು. ನಾಚಿಕೆಯಿಂದ ಸುಮ್ಮನೆ ಎದ್ದು ಬರಬಾರದು.

ಕ್ಯಾಪಿನಲ್ಲಿ ಹಲವು ತರ. ಪೂರ್ತಿ ಲೋಹದ್ದು, ಲೋಹದ ಮೇಲೆ ಪಿಂಗಾಣಿ ಹೊದಿಸಿದ್ದು, ಜಿರ್ಕೋನಿಯಾ ಎಂಬ ಬಿಳಿಯದು. ಹಿಂದಿನ ದವಡೆ ಹಲ್ಲು ನಗುವಾಗ ಕಾಣುವುದಿಲ್ಲ. ಅಲ್ಲಿ ಪೂರ್ತಿ ಲೋಹದ ಕ್ಯಾಪ್ ಗಟ್ಟಿ. ಅದಕ್ಕಾಗಿ ಹಲ್ಲನ್ನು ತಿಕ್ಕುವುದೂ ಕಡಿಮೆ. ಸಾಧಾರಣವಾಗಿ ಬೆಲೆಯೂ ಕಡಿಮೆ. ರೊಟ್ಟಿ ಅಗಿಯುವ ಹಲ್ಲಿಗೆ ಬಿಳಿ ಬಣ್ಣವೇ ಬೇಕೆಂದಿಲ್ಲ. ಬಡವರಿಗೆ ಕೀಳು, ಸಾಹುಕಾರರಿಗೆ ಮೇಲು ಎಂಬ ಮಾತು ಇಲ್ಲಿ ಇಲ್ಲ. ಕೆಲವು ಲೋಹಗಳಲ್ಲಿ ನಿಕ್ಕೆಲ್ ಇರುತ್ತದೆ. ಅಗ್ಗದ ಒಡವೆ ಹಾಕಿದರೆ ಮೈ ತುರಿಸುವವರು ಅದನ್ನು ಮೊದಲೇ ಹೇಳಬೇಕು.

ಈಗ ರೊಕ್ಕದ ಮಾತು. ನಮ್ಮ ಮುಖ್ಯ ತೊಡಕು ಇದೇ. ರೂಟ್ ಕೆನಾಲಿಗೆ ಹಲವು ದಿನದ ಕೂಲಿ. ಕ್ಯಾಪಿಗೆ ಮತ್ತೆ ಹಲವು ದಿನದ ಕೂಲಿ. ಹೋಗಿ ಬರುವ ದಿನಗಳ ಕೂಲಿ ಬೇರೆ. ಬೀಡಿ ಕಟ್ಟುವ ತಾಯಂದಿರಿಗೆ, ಕಬ್ಬು ಕಡಿಯುವ ಜೋಡಿಗಳಿಗೆ, ಸೊಲ್ಲಾಪುರದ ಚಾದರ ಮಗ್ಗಗಳಲ್ಲಿ ನಿಲ್ಲುವವರಿಗೆ ಇದು ಸಣ್ಣ ಭಾರವಲ್ಲ. ಆದುದರಿಂದಲೇ ಹೇಳುತ್ತೇವೆ: ಕೆಲಸ ಶುರುವಾಗುವ ಮೊದಲೇ ಎರಡನ್ನೂ ಕೂಡಿಸಿ ಕೇಳಿರಿ. "ರೂಟ್ ಕೆನಾಲ್, ಪಕ್ಕಾ ಫಿಲ್ಲಿಂಗ್, ಕ್ಯಾಪ್, ಮೂರೂ ಸೇರಿ ಎಷ್ಟು? ಎಷ್ಟು ಸಲ ಬರಬೇಕು? ಕಂತಿನಲ್ಲಿ ಕೊಡಬಹುದೆ?" ಸೊಲ್ಲಾಪುರದ ದವಾಖಾನೆಗಳಲ್ಲಿ ಮಾತು ಮರಾಠಿಯಲ್ಲಿ ನಡೆಯುತ್ತದೆ; ನಮ್ಮ ತಾಯಂದಿರು ತಲೆ ಅಲ್ಲಾಡಿಸಿ ಬರುತ್ತಾರೆ. ಮರಾಠಿಯಲ್ಲಿ ದವಡೆ ಹಲ್ಲಿಗೆ ದಾಢ ಎನ್ನುತ್ತಾರೆ. ಕ್ಯಾಪಿಗೆ ಅಲ್ಲಿಯೂ ಕ್ಯಾಪೇ. ಮರಾಠಿ ಬಲ್ಲ ಮಗನನ್ನೋ ಸೊಸೆಯನ್ನೋ ಜೊತೆಗೆ ಕರೆದೊಯ್ಯಿರಿ.

ಎಲ್ಲಿಗೆ ಹೋಗಬೇಕು? ನಾಗಣಸೂರಿನ ಸ್ಟೇಷನ್ನಿನಲ್ಲಿ ರೈಲು ಹತ್ತಿದರೆ ಒಂದು ಕಡೆ ಸೊಲ್ಲಾಪುರ, ಇನ್ನೊಂದು ಕಡೆ ಕಲಬುರಗಿ. ಸೊಲ್ಲಾಪುರದಲ್ಲಿ ಡಾ. ವೈಶಂಪಾಯನ ಸ್ಮಾರಕ ಸರಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ. ನಾವೆಲ್ಲ ಸಿವ್ಹಿಲ್ ಎನ್ನುವುದು ಅದನ್ನೇ. ಅಲ್ಲಿ ಹಲ್ಲಿನ ಯಾವ ಕೆಲಸ ಸಿಗುತ್ತದೆಂದು ಮೊದಲು ವಿಚಾರಿಸಿರಿ. ಕಲಬುರಗಿಯಲ್ಲಿ ಎಸ್. ನಿಜಲಿಂಗಪ್ಪ ಅವರ ಹೆಸರಿನ ದಂತ ವೈದ್ಯಕೀಯ ಕಾಲೇಜು, ವಿಜಯಪುರದಲ್ಲಿ ಅಲ್-ಅಮೀನ್ ದಂತ ವೈದ್ಯಕೀಯ ಕಾಲೇಜು ಇವೆ. ಅಲ್ಲಿ ಕನ್ನಡದ ತೊಡಕಿಲ್ಲ. ತೋಟದ ಕಡೆಯವರಿಗೆ ವಿರಾಜಪೇಟೆಯಲ್ಲಿ, ಸುಳ್ಯದಲ್ಲಿ, ಹಾಸನದಲ್ಲಿ, ಮಂಗಳೂರಿನಲ್ಲಿ ದಂತ ಕಾಲೇಜುಗಳಿವೆ. ಇಂಥ ಕಾಲೇಜುಗಳಲ್ಲಿ ಕಲಿಯುವ ಡಾಕ್ಟರರು ಗುರುಗಳ ಕಣ್ಣ ಮುಂದೆ ಕೆಲಸ ಮಾಡುತ್ತಾರೆ. ಸಾಮಾನ್ಯವಾಗಿ ಖರ್ಚು ಕಡಿಮೆ, ಆದರೆ ಹೆಚ್ಚು ಸಲ ಹೋಗಬೇಕಾಗುತ್ತದೆ. ಹೋಗುವ ದಿನಗಳನ್ನು ಮೊದಲೇ ಲೆಕ್ಕ ಹಾಕಿಕೊಳ್ಳಿರಿ.

ಇ.ಎಸ್.ಐ. ಕಾರ್ಡು ಇದ್ದವರು ಅದನ್ನು ಪೆಟ್ಟಿಗೆಯಲ್ಲಿ ಮಡಿಚಿಡಬಾರದು. 2019ರ ಜುಲೈಯಲ್ಲಿ ಅದಕ್ಕೆ ಕಾರ್ಮಿಕನ ಪಾಲನ್ನು ಪಗಾರದ ನೂರಕ್ಕೆ 0.75ಕ್ಕೂ, ಮಾಲೀಕರ ಪಾಲನ್ನು 3.25ಕ್ಕೂ ನಿಗದಿ ಮಾಡಲಾಯಿತು. ನಮ್ಮ ಪಗಾರದಿಂದ ಮುರಿದ ರೊಕ್ಕವದು. ಇ.ಎಸ್.ಐ. ದವಾಖಾನೆಯಲ್ಲಿ ಹಲ್ಲಿನ ಚಿಕಿತ್ಸೆ ಕೇಳಿರಿ. ರೂಟ್ ಕೆನಾಲ್ ಮತ್ತು ಕ್ಯಾಪ್ ಅದರಲ್ಲಿ ಬರುತ್ತವೆಯೇ ಎಂಬುದನ್ನು ಕೆಲಸ ಶುರುವಾಗುವ ಮೊದಲೇ ಬರಹದಲ್ಲಿ ಪಡೆಯಿರಿ. ತೋಟದ ಬಂಧುಗಳೇ, ನಿಮ್ಮ ಆರೋಗ್ಯದ ಹೊಣೆಯನ್ನು ಮಾಲೀಕರ ಮೇಲೆ ಹೊರಿಸಿದ್ದ 1951ರ ತೋಟ ಕಾರ್ಮಿಕರ ಕಾಯಿದೆ, 2025ರ ನವೆಂಬರ್ 21ರಂದು ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆಯಲ್ಲಿ ಸೇರಿಹೋಗಿದೆ. ಆದರೆ ಹೊಣೆ ಅಳಿದಿಲ್ಲ: ಕಾರ್ಮಿಕರಿಗೂ ಅವರ ಕುಟುಂಬಕ್ಕೂ ಆರೋಗ್ಯ ಸೌಲಭ್ಯ ಕೊಡಬೇಕು, ಇಲ್ಲವೆ ಇ.ಎಸ್.ಐ.ಗೆ ಸೇರಿಸಬೇಕು. ಮುಂದಿನ ಬೇಡಿಕೆ ಪಟ್ಟಿ ಬರೆಯುವಾಗ ಹಲ್ಲಿನ ಚಿಕಿತ್ಸೆಯನ್ನೂ ಒಂದು ಸಾಲಾಗಿ ಬರೆಯಿರಿ. ಕಾಲು ಮುರಿದರೆ ಆರೋಗ್ಯದ ಮಾತು, ಹಲ್ಲು ಮುರಿದರೆ ಸ್ವಂತದ ಮಾತು ಎಂಬ ಭೇದ ಸಲ್ಲದು.

ಎರಡಕ್ಕೂ ರೊಕ್ಕ ಹೊಂದುವುದೇ ಇಲ್ಲವೆಂದಾದರೆ ಏನು ಮಾಡಬೇಕು? ಮುಚ್ಚಿಡದೆ ಡಾಕ್ಟರರಿಗೆ ಹೇಳಿರಿ. ಉಳಿದ ಗುಡ್ಡಗಳನ್ನು ತಗ್ಗಿಸಿ ನೆತ್ತಿಯ ಮೇಲೆಲ್ಲ ಹರಡುವಂತೆ ಫಿಲ್ಲಿಂಗ್ ಮಾಡಿ, ರೊಕ್ಕ ಹೊಂದುವವರೆಗೆ ಹಲ್ಲು ಕಾಯುವ ಉಪಾಯವಿದೆ. ಸ್ಟೀಲಿನ ಸಿದ್ಧ ಕ್ಯಾಪನ್ನು ಕೆಲಕಾಲಕ್ಕೆಂದು ಹಾಕುವುದೂ ಉಂಟು. ಅಲ್ಲಿಯವರೆಗೆ ಕಡಕ ರೊಟ್ಟಿ, ಅಡಿಕೆ, ಕಬ್ಬು ಆಚೆ ಬದಿಗೆ. ಗೋಡೆಯೇ ಉಳಿಯದ ಹಲ್ಲಿಗೆ ಸಾಲ ಮಾಡಿ ರೂಟ್ ಕೆನಾಲ್ ಮಾಡಿಸುವುದಕ್ಕಿಂತ ಕೀಳಿಸುವುದೇ ಮೇಲೆಂದು ಡಾಕ್ಟರರು ಹೇಳಿದರೆ, ಅದೂ ಪ್ರಾಮಾಣಿಕ ಸಲಹೆಯೇ. ತಾಯಂದಿರ ಉಳಿತಾಯ ಗುಂಪುಗಳಲ್ಲಿ ಮದುವೆಗೆ, ಬಾಣಂತನಕ್ಕೆ ಕೊಡುವಂತೆ ಹಲ್ಲಿಗೂ ಸಣ್ಣ ಕೈಸಾಲ ಕೊಡುವ ಠರಾವು ಮಾಡಿಕೊಳ್ಳಬಹುದು.

ಒಂದು ಎಚ್ಚರಿಕೆ. ಸಂತೆಯಲ್ಲಿ, ಜಾತ್ರೆಯಲ್ಲಿ ಪೆಟ್ಟಿಗೆ ಇಟ್ಟುಕೊಂಡು ಅಗ್ಗಕ್ಕೆ ಹಲ್ಲು ಕೂಡಿಸುವವರ ಹತ್ತಿರ ಹೋಗಬೇಡಿರಿ. ಕಾಯಿದೆಯಂತೆ ನೋಂದಣಿಯಾದ ದಂತವೈದ್ಯರೇ ಈ ಕೆಲಸ ಮಾಡಬೇಕು. ಸಂತೆಯವರು ಹುಳುಕಿನ ಮೇಲೆಯೇ ಪ್ಲಾಸ್ಟಿಕ್ಕು ಮೆತ್ತಿ ಪಕ್ಕದ ಹಲ್ಲುಗಳಿಗೂ ಅಂಟಿಸುತ್ತಾರೆ. ಒಂದು ಹಲ್ಲು ಉಳಿಸಲು ಹೋಗಿ ಮೂರು ಹಲ್ಲು ಕೊಳೆಯುತ್ತವೆ.

ಕ್ಯಾಪ್ ಹಾಕಿಸಿದ ಮೇಲೆ ಮರೆತುಬಿಡುವಂತಿಲ್ಲ. ಕ್ಯಾಪಿಗೆ ಹುಳುಕು ಹತ್ತುವುದಿಲ್ಲ, ನಿಜ. ಆದರೆ ಕ್ಯಾಪಿನ ಅಂಚು ಒಸಡಿನ ಹತ್ತಿರ ಹಲ್ಲಿಗೆ ಕೂಡುವ ಸಂದಿನಲ್ಲಿ ಹತ್ತುತ್ತದೆ. ನರವಿಲ್ಲದ್ದರಿಂದ ಅದು ಗೊತ್ತೂ ಆಗುವುದಿಲ್ಲ. ಮುಂಜಾನೆಗೊಮ್ಮೆ, ರಾತ್ರಿ ಮಲಗುವಾಗೊಮ್ಮೆ ಫ್ಲೋರೈಡ್ ಇರುವ ಪೇಸ್ಟಿನಿಂದ ಒಸಡಿನ ಅಂಚಿನವರೆಗೂ ಬ್ರಷ್ ಆಡಿಸಬೇಕು. ಮಿಶ್ರಿ ಹಲ್ಲಿನ ಔಷಧವಲ್ಲ. ಹುರಿದ ತಂಬಾಕಿನ ಪುಡಿ. ಅದು ಒಸಡನ್ನು ಕೆಡಿಸುತ್ತದೆ, ಬಾಯಿಯ ಕ್ಯಾನ್ಸರಿಗೂ ದಾರಿ ಮಾಡುತ್ತದೆ. ಕ್ಯಾಪ್ ಸಡಿಲವಾದರೆ, ಬಿದ್ದರೆ, ಅದನ್ನು ಚೀಟಿಯಲ್ಲಿ ಕಟ್ಟಿಕೊಂಡು ಅದೇ ವಾರ ಡಾಕ್ಟರರ ಹತ್ತಿರ ಹೋಗಬೇಕು; ಬಹಳ ಸಲ ಅದನ್ನೇ ತಿರುಗಿ ಕೂಡಿಸಬಹುದು.

ಕೊನೆಯದಾಗಿ ಮಕ್ಕಳ ಮಾತು. ಮಗುವಿಗೆ ಆರು ವರ್ಷವಾಗುವಾಗ ಹಾಲುಹಲ್ಲುಗಳ ಹಿಂದೆ, ಯಾವ ಹಲ್ಲೂ ಬೀಳದೆಯೇ, ಒಂದು ದೊಡ್ಡ ದವಡೆ ಹಲ್ಲು ಹುಟ್ಟುತ್ತದೆ. ಅದೂ ಹಾಲುಹಲ್ಲೇ, ಬಿದ್ದು ಮತ್ತೆ ಬರುತ್ತದೆಂದು ತಾಯಿತಂದೆಗಳು ತಿಳಿಯುತ್ತಾರೆ. ಅದು ಬಿದ್ದರೆ ಮತ್ತೆ ಬರುವುದಿಲ್ಲ, ಸಾಯುವವರೆಗೂ ಅದೊಂದೇ. ಬೇಗ ಹುಳುಕುವುದೂ ಅದೇ. ಈ ದಿನ ಮನೆಗೆ ಹೋಗಿ ಮಕ್ಕಳ ಬಾಯಿ ತೆರೆಸಿ ಆ ಹಲ್ಲನ್ನು ನೋಡಿರಿ. ಕಪ್ಪು ಚುಕ್ಕೆ ಕಂಡರೆ ಈಗಲೇ ಕರೆದೊಯ್ಯಿರಿ. ಸಣ್ಣ ಫಿಲ್ಲಿಂಗಿನಲ್ಲಿ ಮುಗಿಯುವ ಹಲ್ಲಿಗೆ ರೂಟ್ ಕೆನಾಲೂ ಬೇಡ, ಕ್ಯಾಪೂ ಬೇಡ.

ಆದರೆ ರೂಟ್ ಕೆನಾಲಿಗೇ ಬಂದು ಮುಟ್ಟಿದ ಹಲ್ಲನ್ನು ಅರ್ಧ ದಾರಿಯಲ್ಲಿ ಬಿಡಬೇಡಿರಿ. ಕೂಲಿಯ ರೊಕ್ಕ ಸುರಿದು ಬೇರನ್ನು ಉಳಿಸಿದ್ದೀರಿ. ಆ ಬೇರಿನ ಮೇಲೆ ನಿಂತ ಗೋಡೆಯನ್ನು ಹಿಡಿಯುವ ಬಳೆಯನ್ನೂ ಹಾಕಿಸಿರಿ. ಎರಡೂ ಸೇರಿದರೆ ಒಂದು ಹಲ್ಲು.